ಬೇಲಿಯ ಮೇಲಿನ ಕಪ್ಪು ಬಟ್ಟೆಗಳು: ಒಂದು ಜಲವರ್ಣ ಚಿತ್ರದ ಪ್ರಕರಣ ಅಧ್ಯಯನ

ಹಿನ್ನೆಲೆ

ದಕ್ಷಿಣ ಇಂಗ್ಲೆಂಡಿನ ಒಂದು ಕುಟುಂಬದಲ್ಲಿ ತಲೆಮಾರುಗಳಿಂದ ಉಳಿದುಬಂದಿದ್ದ ಜಲವರ್ಣ ಚಿತ್ರವೊಂದರ ಕಥೆ ಇದು. ಮನೆಯವರ ಗುರುತು ಸಿಗದಂತೆ ಹೆಸರು, ಊರು, ಕಾಲದ ವಿವರಗಳನ್ನು ಬಿಟ್ಟಿದ್ದೇನೆ. ಚಿತ್ರದ ಈಗಿನ ಒಡೆಯರು ಒಬ್ಬ ಅಕ್ಕ, ಒಬ್ಬ ತಮ್ಮ. ಇಲ್ಲಿಯೂ ಅವರನ್ನು ಹಾಗೆಯೇ ಕರೆಯುತ್ತೇನೆ. ನನ್ನ ಕೆಲಸ ಕಾಗದದ ಮೇಲಿನ ಕಲಾಕೃತಿಗಳ ಸಂರಕ್ಷಣೆ.

ಚಿತ್ರದ ಎತ್ತರ ಸುಮಾರು 30 ಸೆಂಟಿಮೀಟರ್, ಅಗಲ 42. ಹುಲ್ಲು ಮಾಡಿನ ಒಂದು ಹಳ್ಳಿಮನೆ. ಬಾಗಿಲ ಮುಂದೆ ತಲೆ ಬಗ್ಗಿಸಿ ನಿಂತ ಹೆಂಗಸು, ಅವಳ ಲಂಗದ ಅಂಚು ಹಿಡಿದುಕೊಂಡ ಮಗು. ಹೆಂಗಸಿನ ಮುಂದೆ ನೆಲದ ಮೇಲೆ, ಮರದ ತೊಟ್ಟಿಲಿನಂತಹದೊಂದು, ಅದರ ಮೇಲೆ ಕಪ್ಪು ಹೊದಿಕೆ. ಅಂಗಳದಲ್ಲಿ ಕಪ್ಪು ಕೋಳಿಗಳು. ಗಿಡಬೇಲಿಯ ಉದ್ದಕ್ಕೂ ಹರವಿದ ಕಪ್ಪು ಬಟ್ಟೆಗಳು. ಎಲೆಗಳೆಲ್ಲ ಕಂದು, ಆಕಾಶ ತೆಳು ಗುಲಾಬಿ. ಸಹಿ ಎಲ್ಲೂ ಇಲ್ಲ.

ಮನೆಯವರ ಬಾಯಲ್ಲಿ ಇದರ ಹೆಸರು ‘ಸಾವಿನ ಮನೆ’. ಶರತ್ಕಾಲದ ಮುಸ್ಸಂಜೆ, ಹಸುಗೂಸು ತೀರಿಕೊಂಡಿದೆ, ತೊಟ್ಟಿಲಿಗೆ ಕಪ್ಪು ಹೊದಿಸಿದ್ದಾರೆ, ಸೂತಕದ ಬಟ್ಟೆಗೆ ಬಣ್ಣ ಹಾಕಿ ಬೇಲಿಯ ಮೇಲೆ ಒಣಗಲು ಬಿಟ್ಟಿದ್ದಾರೆ. ಅಕ್ಕ–ತಮ್ಮನ ತಾಯಿ ಮಕ್ಕಳಿಗೆ ಚಿತ್ರವನ್ನು ವಿವರಿಸುತ್ತಿದ್ದದ್ದು ಹೀಗೆ. ಆ ತಾಯಿಯ ಮೊದಲ ಮಗುವೂ ಹಸುಗೂಸಾಗಿಯೇ ಹೋಗಿತ್ತು. ಆ ಮಗುವಿನ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲವಂತೆ, ಚಿತ್ರದ ಮುಂದೆ ನಿಂತಾಗ ಮಾತ್ರ ತಾಯಿ ಅದರ ಬಗ್ಗೆ ಒಂದೆರಡು ಮಾತಾಡುತ್ತಿದ್ದರಂತೆ. ಈ ಸಂಗತಿಯನ್ನು ಅಕ್ಕ ನನಗೆ ಮೊದಲ ಭೇಟಿಯಲ್ಲೇ ಹೇಳಿದ್ದರಿಂದ ಮುಂದಿನ ಪ್ರತಿ ನಿರ್ಧಾರಕ್ಕೂ ಒಂದು ತೂಕ ಬಂತು.

ಅಂತಹ ಓದು ಅಸಹಜವೂ ಅಲ್ಲ. 18ನೇ ಶತಮಾನದ ಕೊನೆಗೆ ಇಂಗ್ಲೆಂಡಿನ ಚಿತ್ರಕಾರರಿಗೆ ಬಡವರ ಮನೆಯ ಬಾಗಿಲೇ ಒಂದು ವಸ್ತುವಾಗಿತ್ತು. ಥಾಮಸ್ ಗೇನ್ಸ್‌ಬರೊ 1780ರಲ್ಲಿ ಅದನ್ನು ದೊಡ್ಡ ತೈಲಚಿತ್ರವಾಗಿಸಿದ. ಫ್ರಾನ್ಸಿಸ್ ವ್ಹೀಟ್ಲಿ, ಜಾರ್ಜ್ ಮಾರ್ಲೆಂಡ್ ಅದನ್ನು ಮನೆಮನೆಗೆ ತಲುಪಿಸಿದರು. ಲೇಖಕ ಯುವೆಡೇಲ್ ಪ್ರೈಸ್ 1794ರಲ್ಲಿ ಒರಟು, ಮುರುಕು, ಪಾಚಿ ಹಿಡಿದದ್ದರಲ್ಲೂ ಸೊಗಸಿದೆ ಎಂದು ವಾದಿಸಿದ. ಇದೇ ವರ್ಷಗಳಲ್ಲಿ ಹಳ್ಳಿಯ ಗೋಮಾಳಗಳಿಗೆ ಕಾಯಿದೆಯ ಮೂಲಕ ಬೇಲಿ ಬೀಳುತ್ತಿತ್ತು, 1795ರಲ್ಲಿ ಧಾನ್ಯದ ಬೆಲೆ ಏರಿ ಕೂಲಿಕಾರರ ಹೊಟ್ಟೆಗೇ ಕುತ್ತು ಬಂದಿತ್ತು. ಹಳ್ಳಿಮನೆ ಕಷ್ಟದಲ್ಲಿದ್ದಾಗಲೇ ಪಟ್ಟಣದ ಗೋಡೆಗಳ ಮೇಲೆ ಅದರ ಚಿತ್ರ ಬೇಕಾಯಿತು. ರೊಮ್ಯಾಂಟಿಕ್ ಯುಗದ ನೋಟ ಹಳ್ಳಿಯ ದುಃಖವನ್ನು ಪ್ರೀತಿಯಿಂದ ನೋಡುತ್ತಿತ್ತು. ‘ಸಾವಿನ ಮನೆ’ ಆ ನೋಟಕ್ಕೆ ಸಲೀಸಾಗಿ ಹೊಂದುವ ಚಿತ್ರ.

ಸಮಸ್ಯೆ

ತಾಯಿ ತೀರಿಕೊಂಡ ಮೇಲೆ ಇಬ್ಬರ ಬೇಡಿಕೆ ಬೇರೆಬೇರೆಯಾಯಿತು. ಫ್ರೇಮಿನ ಹಿಂದೆ ಹಳೆಯ ಚೀಟಿಯೊಂದು ಅಂಟಿತ್ತು. ಅದರಲ್ಲಿ ಕೈಬರಹದಲ್ಲಿ ವ್ಹೀಟ್ಲಿಯ ಹೆಸರು. ಅದು ನಿಜವಾದರೆ ಒಳ್ಳೆಯ ಬೆಲೆ ಬರುತ್ತದೆ, ಮಾರಿ ಹಂಚಿಕೊಳ್ಳೋಣ ಎಂಬುದು ತಮ್ಮನ ಮಾತು. ಅಕ್ಕನಿಗೆ ಮಾರುವ ಮನಸ್ಸಿಲ್ಲ. ಕಾಗದದ ಮೇಲೆದ್ದ ಕಂದು ಚುಕ್ಕೆಗಳನ್ನು ತೆಗೆಸಿ, ಅಲೆಅಲೆಯಾಗಿ ಉಬ್ಬಿದ್ದನ್ನು ಸರಿಮಾಡಿಸಿ, ಅಮ್ಮನ ಕಾಲದಲ್ಲಿ ಇದ್ದ ಹಾಗೆ ಉಳಿಸಿಕೊಳ್ಳಬೇಕು ಎಂಬುದು ಅವರ ಆಸೆ. ಚಿತ್ರ ನನ್ನ ಬಳಿ ಬಂದದ್ದು ಈ ಎರಡು ಬೇಡಿಕೆಗಳೊಂದಿಗೆ. ಯಾರೂ ಕೇಳದೇ ಇದ್ದ ಪ್ರಶ್ನೆಯೊಂದು ಫ್ರೇಮಿನೊಳಗೇ ಕಾದಿತ್ತು.

ಗೆರೆ

ಫ್ರೇಮ್ ಬಿಚ್ಚಿ ಮೌಂಟನ್ನು, ಎಂದರೆ ಚಿತ್ರದ ಸುತ್ತ ಕೂರಿಸುವ ರಟ್ಟಿನ ಚೌಕಟ್ಟನ್ನು, ಮೇಲೆತ್ತಿದಾಗ ಚಿತ್ರದ ನಾಲ್ಕೂ ಅಂಚುಗಳಲ್ಲಿ, ಬೆರಳಗಲದ ಪಟ್ಟಿಯಷ್ಟು ಜಾಗ ಮೌಂಟಿನ ಅಡಿ ಮುಚ್ಚಿಕೊಂಡಿದ್ದದ್ದು ಹೊರಬಂತು. ಆ ಪಟ್ಟಿಯಲ್ಲಿ ಆಕಾಶ ಗುಲಾಬಿಯಲ್ಲ, ಮಳೆಮೋಡದ ನೀಲಿ ಬೂದು. ಮರದ ಎಲೆಗಳು ಕಂದಲ್ಲ, ಕಡು ಹಸಿರು. ಬಲಗಡೆ ಬೇಲಿಯ ತುದಿಯಲ್ಲಿ ಹರವಿದ್ದ ಒಂದು ಬಟ್ಟೆ ಅರ್ಧ ಮೌಂಟಿನ ಅಡಿಗೆ ಹೋಗಿತ್ತು. ಹೊರಗಿದ್ದ ಅರ್ಧ ಕಪ್ಪು, ಮುಚ್ಚಿದ್ದ ಅರ್ಧ ಬಿಳಿ. ಎರಡರ ನಡುವೆ ಸ್ಕೇಲ್ ಇಟ್ಟು ಎಳೆದಂತಹ ನೇರ ಗೆರೆ.

ಯಾವ ಚಿತ್ರಕಾರನೂ ಬಟ್ಟೆಯನ್ನು ಹಾಗೆ ಬಿಡಿಸುವುದಿಲ್ಲ. ಇಡೀ ಪ್ರಕರಣ ತಿರುಗಿದ್ದು ಆ ಗೆರೆಯಲ್ಲಿ.

ಮೊದಲು ಬಿಳಿಯ ವಿಷಯ. ಆ ಕಾಲದ ಜಲವರ್ಣದಲ್ಲಿ ಬಿಳಿ ಬೇಕಾದರೆ ಸಾಮಾನ್ಯವಾಗಿ ಕಾಗದವನ್ನೇ ಖಾಲಿ ಬಿಡುತ್ತಿದ್ದರು. ಹಸಿರಿನ ಮೇಲೆ ಬಿಳಿ ತರಬೇಕಾದಲ್ಲಿ ಕೆಲವರು ಸೀಸದ ಬಿಳಿಯನ್ನು, ನಮ್ಮವರು ಸಫೇತ ಎನ್ನುತ್ತಿದ್ದ ಬಣ್ಣವನ್ನು, ದಪ್ಪಗೆ ಹಚ್ಚುತ್ತಿದ್ದರು. ತೈಲಚಿತ್ರದಲ್ಲಿ ಎಣ್ಣೆ ಅದನ್ನು ಕಾಯುತ್ತದೆ. ಜಲವರ್ಣದಲ್ಲಿ ಇರುವುದು ಬರೀ ತೆಳು ಗೋಂದು. ಕಲ್ಲಿದ್ದಲಿನ ಹೊಗೆ, ಗ್ಯಾಸ್ ದೀಪದ ಗಾಳಿ ಇವುಗಳಲ್ಲಿರುವ ಗಂಧಕದ ಅಂಶ ತಗುಲಿದರೆ ಬಿಳಿ ಮೆಲ್ಲಗೆ ಲೆಡ್ ಸಲ್ಫೈಡ್ ಆಗಿ ಕಪ್ಪಾಗುತ್ತದೆ. ಈ ಚಿತ್ರ ಬಹುಕಾಲ ನೇತಾಡುತ್ತಿದ್ದದ್ದು ಊಟದ ಕೋಣೆಯ ಕಲ್ಲಿದ್ದಲ ಒಲೆಯ ಮೇಲೆ. ಬಣ್ಣದಲ್ಲಿ ಯಾವ ಧಾತುಗಳಿವೆ ಎಂದು ತೋರಿಸುವ ಎಕ್ಸ್‌ರೇ ಫ್ಲೂರೆಸೆನ್ಸ್ ಪರೀಕ್ಷೆಯಲ್ಲಿ ಕಪ್ಪು ಬಟ್ಟೆ, ಕಪ್ಪು ಕೋಳಿ, ತೊಟ್ಟಿಲ ಮೇಲಿನ ಕಪ್ಪು ಹೊದಿಕೆ ಮೂರರಲ್ಲೂ ಸೀಸ ಢಾಳಾಗಿ ಕಂಡಿತು. ಸೂಕ್ಷ್ಮದರ್ಶಕದಡಿ ನೋಡಿದಾಗ ಕಪ್ಪು ಮೇಲ್ಪದರದಲ್ಲಿ ಮಾತ್ರ, ಬಣ್ಣ ದಪ್ಪವಿದ್ದಲ್ಲಿ ಅದರ ಬಿರುಕಿನೊಳಗೆ ಬಿಳಿ ಹಾಗೆಯೇ ಇತ್ತು.

ಇನ್ನು ಆಕಾಶ. ಮೋಡದ ಬೂದು ಬಣ್ಣಕ್ಕೆ ನೀಲಿಗಿಡದ ನೀಲಿಯನ್ನೂ ಕೆಮ್ಮಣ್ಣನ್ನೂ ಬೆರೆಸುವುದು ಆಗಿನ ವಾಡಿಕೆ. ಬೆಳಕಿಗೆ ನೀಲಿ ಹಾರಿಹೋಗುತ್ತದೆ, ಕೆಮ್ಮಣ್ಣು ಮಣ್ಣಾದ್ದರಿಂದ ನಿಲ್ಲುತ್ತದೆ. ಹೀಗೆ ಬೂದು ಆಕಾಶ ಗುಲಾಬಿಯಾಗುತ್ತದೆ. ಎಲೆಯ ಹಸಿರಿನಲ್ಲೂ ಅದೇ ನೀಲಿ, ಜೊತೆಗೆ ಬಾಳಿಕೆಯಿಲ್ಲದ ಸಸ್ಯಮೂಲದ ಹಳದಿ. ಎರಡೂ ಮಾಸಿ, ಕೆಳಗಿನ ಕಂದು ಉಳಿದಿತ್ತು. ಹುಸಿಬಣ್ಣದ ಅವಕೆಂಪು ಛಾಯಾಚಿತ್ರದಲ್ಲಿ ಮುಚ್ಚಿದ್ದ ಪಟ್ಟಿ ನೀಲಿಗಿಡದ ಬಣ್ಣಕ್ಕೆ ತಕ್ಕಂತೆ ಕೆಂಪಾಗಿ ಬಂತು. ಲಂಡನ್ನಿಗೆ ಆ ದಶಕಗಳಲ್ಲಿ ಬರುತ್ತಿದ್ದ ನೀಲಿಯ ಬಹುಪಾಲು ಬಂಗಾಳದ್ದು. ಅದನ್ನು ಬೆಳೆದ ರೈತರ ಪಾಡು ಎಂಥದ್ದಾಗಿತ್ತೆಂದು 1859ರ ದಂಗೆ ಹೇಳುತ್ತದೆ. ಇಂಗ್ಲಿಷ್ ಹಳ್ಳಿಯ ಆಕಾಶಕ್ಕೆ ಹೋದ ಬಣ್ಣ ಬಂಗಾಳದ ಗದ್ದೆಯದ್ದಾಗಿರಬಹುದು ಎಂಬ ಯೋಚನೆ ಈ ಕೆಲಸದುದ್ದಕ್ಕೂ ನನ್ನನ್ನು ಬಿಡಲಿಲ್ಲ.

ಬಣ್ಣ ಮಾಸುವ ಈ ಸಂಗತಿ ಹೊಸ ಶೋಧವೇನಲ್ಲ. 1880ರ ದಶಕದಲ್ಲಿ ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಇದು ದೊಡ್ಡ ಜಗಳವೇ ಆಗಿತ್ತು. ರಸೆಲ್ ಮತ್ತು ಆಬ್ನಿ ಎಂಬ ವಿಜ್ಞಾನಿಗಳು 1888ರಲ್ಲಿ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ, ಜಲವರ್ಣದ ಹಲವು ಬಣ್ಣಗಳು ಬೆಳಕಿಗೆ ನಿಲ್ಲುವುದಿಲ್ಲವೆಂದು ಪ್ರಯೋಗ ಮಾಡಿ ತೋರಿಸಿದ್ದಾರೆ.

ಇಷ್ಟನ್ನೂ ಜೋಡಿಸಿದರೆ ಚಿತ್ರಕಾರ ಬಿಡಿಸಿದ್ದು ಬೇಸಿಗೆಯ ಒಂದು ಹಗಲು. ಮೋಡ ಕವಿದಿದೆ. ಹೆಂಗಸು ಬಟ್ಟೆ ಒಗೆಯುತ್ತಿದ್ದಾಳೆ. ಅವಳು ತಲೆ ಬಗ್ಗಿಸಿರುವುದು ದುಃಖಕ್ಕಲ್ಲ, ಮುಂದಿರುವ ಮರದ ಬಾನಿಯ ಕಡೆಗೆ. ತೊಟ್ಟಿಲ ಮೇಲಿನ ಕಪ್ಪು ಹೊದಿಕೆ ಎಂದುಕೊಂಡದ್ದು ಸೋಪಿನ ನೊರೆ. ಒಗೆದ ಬಿಳಿ ಬಟ್ಟೆಯನ್ನು ಗಿಡಬೇಲಿಯ ಮೇಲೆ ಹರವುವುದು ಇಂಗ್ಲೆಂಡಿನ ಹಳ್ಳಿಗಳಲ್ಲಿ ಎಲ್ಲರೂ ಮಾಡುತ್ತಿದ್ದ ಕೆಲಸ. ಕೋಳಿಗಳು ಬಿಳಿ ಕೋಳಿಗಳು.

ಚೀಟಿಯ ಹೆಸರು

ಇದರ ನಡುವೆ ತಮ್ಮನ ಪ್ರಶ್ನೆಗೆ ಉತ್ತರ ಬೇಗ ಸಿಕ್ಕಿತು. ಚಿತ್ರವನ್ನು ಹಿಂದೆ ಯಾರೋ ಅಗ್ಗದ ಮರತಿರುಳಿನ ರಟ್ಟಿಗೆ ಅಂಟಿಸಿದ್ದರು. ರಟ್ಟಿನ ಆಮ್ಲ ಕಾಗದಕ್ಕೆ ಇಳಿಯುತ್ತಿದ್ದುದರಿಂದ ಅದನ್ನು ತೆಗೆಯಲೇಬೇಕಿತ್ತು. ರಟ್ಟನ್ನು ಪದರಪದರವಾಗಿ ಹಿಂದಿನಿಂದ ಕೆರೆದು, ಉಳಿದ ಅಂಟನ್ನು ಸ್ವಲ್ಪಸ್ವಲ್ಪ ತೇವ ಕೊಟ್ಟು ಬಿಡಿಸಿದ ಮೇಲೆ ಕಾಗದವನ್ನು ದೀಪದ ಎದುರು ಹಿಡಿಯಲು ಸಾಧ್ಯವಾಯಿತು. ಕಾಗದದೊಳಗಿನ ನೀರುಗುರುತು ಸ್ಪಷ್ಟವಿತ್ತು: ಕಾಗದ ತಯಾರಕರ ಹೆಸರು ಜೆ ವ್ಯಾಟ್‌ಮನ್, ಇಸವಿ 1816. ಇಂಗ್ಲೆಂಡಿನ ಕಾಗದ ಗಿರಣಿಗಳು ನೀರುಗುರುತಿನಲ್ಲಿ ಇಸವಿ ಹಾಕುವ ರೂಢಿ ಹಬ್ಬಿದ್ದೇ 1794ರ ಒಂದು ತೆರಿಗೆ ಕಾಯಿದೆಯಿಂದ. ವ್ಹೀಟ್ಲಿ ಸತ್ತದ್ದು 1801ರಲ್ಲಿ. ಇನ್ನೂ ಹುಟ್ಟಿರದ ಕಾಗದದ ಮೇಲೆ ಅವನು ಚಿತ್ರ ಬರೆಯಲಾರ.

ಸತುವಿನ ಬಿಳಿ ‘ಚೈನೀಸ್ ವೈಟ್’ ಎಂಬ ಹೆಸರಿನಲ್ಲಿ ಜಲವರ್ಣದ ಮಾರುಕಟ್ಟೆಗೆ ಬಂದದ್ದು 1834ರಲ್ಲಿ. ಈ ಚಿತ್ರದಲ್ಲಿ ಸತು ಇಲ್ಲ. ಅದೊಂದರಿಂದಲೇ ಚಿತ್ರ ಅದಕ್ಕಿಂತ ಹಿಂದಿನದೆಂದು ಸಿದ್ಧವಾಗದು. ಸೀಸದ ಬಿಳಿಯನ್ನು ಬಿಡದವರು ಆಮೇಲೂ ಇದ್ದರು. ಆದರೆ ಕಾಗದ, ಬಣ್ಣ, ಕೈಚಳಕ ಎಲ್ಲ ಸೇರಿ 1816ರ ನಂತರದ ಒಂದೆರಡು ದಶಕಗಳ ಕಡೆಗೇ ಬೆರಳು ಮಾಡುತ್ತಿದ್ದವು. ವರದಿಯಲ್ಲಿ ‘ಅಜ್ಞಾತ ಕಲಾವಿದ’ ಎಂದು ಬರೆದೆ. ಆ ಕಾಲದಲ್ಲಿ ಬಣ್ಣದ ಬಿಲ್ಲೆಗಳು ಅಂಗಡಿಯಲ್ಲಿ ಸಿಗುತ್ತಿದ್ದವು, ಚಿತ್ರ ಕಲಿಸುವ ಗುರುಗಳು ಮನೆಗೇ ಬರುತ್ತಿದ್ದರು, ಹವ್ಯಾಸಿಗಳಲ್ಲಿ ಹೆಂಗಸರು ಬಹಳ ಮಂದಿ. ಒಗೆತದ ಬಾನಿಯನ್ನೂ ನೊರೆಯನ್ನೂ ಇಷ್ಟು ಅಕ್ಕರೆಯಿಂದ ಗಮನಿಸಿದ ಕೈ ಹೆಣ್ಣಿನದಿರಬಹುದೇ ಎಂದು ನನಗೆ ಅನ್ನಿಸುತ್ತದೆ. ಅದಕ್ಕೆ ಪುರಾವೆ ಇಲ್ಲದ್ದರಿಂದ ವರದಿಯಲ್ಲಿ ಸೇರಿಸಲಿಲ್ಲ.

ಹೆಸರು ಕಳಚಿಕೊಂಡ ಮೇಲೆ ತಮ್ಮನಿಗೆ ಮಾರಾಟದ ಉತ್ಸಾಹ ಉಳಿಯಲಿಲ್ಲ. ತಾಯಿಯ ಬೇರೆ ಒಂದು ವಸ್ತುವನ್ನು ತಾನು ಇಟ್ಟುಕೊಂಡು ಚಿತ್ರವನ್ನು ಅಕ್ಕನಿಗೇ ಬಿಟ್ಟರು. ಚೀಟಿಯನ್ನು ಮಾತ್ರ ಎಸೆಯದಂತೆ ನೋಡಿಕೊಂಡೆ. ಸುಳ್ಳು ಹೇಳುವ ಚೀಟಿಯೂ ಚಿತ್ರದ ಚರಿತ್ರೆಯ ಭಾಗವೇ. ಅದೀಗ ಪ್ರತ್ಯೇಕ ಲಕೋಟೆಯಲ್ಲಿ, ಅದು ಏಕೆ ಸರಿಯಲ್ಲ ಎಂಬ ಟಿಪ್ಪಣಿಯೊಂದಿಗೆ ಇದೆ.

ಅಕ್ಕನ ಮುಂದೆ

ಕಷ್ಟದ ಭಾಗ ಇದು. ಮುಚ್ಚಿದ ಪಟ್ಟಿಯ ಛಾಯಾಚಿತ್ರಗಳನ್ನು ಅಕ್ಕನಿಗೆ ಕಳಿಸುವ ಬದಲು ಅವರನ್ನೇ ಕರೆಸಿ, ಚಿತ್ರವನ್ನು ಮೇಜಿನ ಮೇಲಿಟ್ಟು ತೋರಿಸಿದೆ. ಈ ಕೆಲಸದಲ್ಲಿ ನಾನು ತೆಗೆದುಕೊಂಡ ತೀರ್ಮಾನಗಳಲ್ಲಿ ಅದು ಅತ್ಯಂತ ಮುಖ್ಯವಾದದ್ದು ಎಂದು ಈಗಲೂ ಭಾವಿಸುತ್ತೇನೆ. ಇಂಥ ಸುದ್ದಿ ಕಾಗದದಲ್ಲಿ ಹೋಗಬಾರದು.

ಅವರು ಆ ಅರ್ಧ ಕಪ್ಪು, ಅರ್ಧ ಬಿಳಿ ಬಟ್ಟೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ, “ಹಾಗಾದರೆ ಅಮ್ಮ ಹೇಳಿದ್ದು ಸುಳ್ಳೇ?” ಎಂದು ಕೇಳಿದರು.

“ಇಲ್ಲ. ಅವರು ನೋಡಿದ್ದನ್ನೇ ಹೇಳಿದರು. ಅವರು ಹುಟ್ಟುವ ಮೊದಲೇ ಬಟ್ಟೆ ಕಪ್ಪಾಗಿತ್ತು” ಎಂದೆ.

ಸಮಾಧಾನಕ್ಕೆ ಹೇಳಿದ ಮಾತಲ್ಲ, ಅದು ನಿಜ. ಆದರೆ ಮುಂದೇನು ಮಾಡಬೇಕು ಎಂಬ ಪ್ರಶ್ನೆ ಅದರಿಂದ ಹಗುರವಾಗಲಿಲ್ಲ. ಕಪ್ಪಾದ ಸೀಸದ ಬಿಳಿಯನ್ನು ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಮತ್ತೆ ಬಿಳಿ ಮಾಡಬಹುದು. ಕಪ್ಪು ಲೆಡ್ ಸಲ್ಫೈಡ್ ಬಿಳಿಯ ಲೆಡ್ ಸಲ್ಫೇಟ್ ಆಗುತ್ತದೆ. ಹಾಗೆ ಬಂದ ಬಿಳಿ ಮೊದಲಿನ ಬಿಳಿಯಲ್ಲ, ಅದು ಬೇರೆಯೇ ಪದಾರ್ಥ, ಮರೆಮಾಚುವ ಶಕ್ತಿ ಅದಕ್ಕೆ ಕಡಿಮೆ. ಹಿಂದಕ್ಕೆ ಹೋಗುವ ದಾರಿಯೂ ಇಲ್ಲ. ಜೊತೆಗೆ, ಹಾರಿಹೋದ ನೀಲಿಯನ್ನು ಮರಳಿ ತರುವ ಉಪಾಯ ಯಾರ ಬಳಿಯೂ ಇಲ್ಲ. ಬಟ್ಟೆಗಳನ್ನು ಬಿಳಿ ಮಾಡಿದರೆ ಗುಲಾಬಿ ಆಕಾಶದ ಕೆಳಗೆ, ಕಂದು ಎಲೆಗಳ ನಡುವೆ, ಹೊಸ ಬಿಳಿ ಕಣ್ಣಿಗೆ ಚುಚ್ಚುವಂತಾದರೆ? ಅರ್ಧ ಮರಳಿ ಬಂದ ಚಿತ್ರ ಚಿತ್ರಕಾರನದೂ ಅಲ್ಲ, ತಾಯಿಯದೂ ಅಲ್ಲ ಎಂಬಂತಾಗಬಹುದು.

ಏನೂ ಮಾಡದೆ ಬಿಡುವುದು ಒಂದು ದಾರಿಯಾಗಿತ್ತು, ಅದನ್ನು ಅಕ್ಕನ ಮುಂದೆ ಪ್ರಾಮಾಣಿಕವಾಗಿಯೇ ಇಟ್ಟೆ. ಇನ್ನೊಂದು ದಾರಿ ಕಂಪ್ಯೂಟರಿನಲ್ಲಿ ಮೂಲದ ಬಣ್ಣಗಳನ್ನು ಊಹಿಸಿ ಒಂದು ಪ್ರತಿ ಮಾಡಿ ಪಕ್ಕದಲ್ಲಿಡುವುದು. ಮೂರನೆಯದು ಬಿಳಿಯ ಚಿಕಿತ್ಸೆ. ತಕ್ಷಣ ಉತ್ತರ ಬೇಡ ಎಂದೆ. ಮೊದಲು ಕಂಪ್ಯೂಟರಿನ ಪ್ರತಿಯನ್ನು ಮಾಡಿ ಕಳಿಸಿದೆ, ಅವರದನ್ನು ಮನೆಯಲ್ಲಿಟ್ಟುಕೊಂಡು ನೋಡಲಿ ಎಂದು. ಕೆಲವು ವಾರಗಳ ನಂತರ ಅವರೇ ಫೋನ್ ಮಾಡಿದರು. ಅವರ ಮನಸ್ಸು ತಿರುಗಿದ್ದು ಆ ಹೆಂಗಸಿನಿಂದಾಗಿ. “ಇಷ್ಟು ವರ್ಷ ಅವಳನ್ನು ಅಳುವಂತೆ ಮಾಡಿದ್ದೇವೆ. ಅವಳು ಕೆಲಸ ಮಾಡುತ್ತಿದ್ದಳು. ಅವಳ ಬಟ್ಟೆ ಬಿಳಿಯಾಗಲಿ” ಎಂದರು. ತಾಯಿಯ ಕಥೆಯನ್ನು ತಮ್ಮ ಕೈಬರಹದಲ್ಲಿ ಬರೆದು ಚಿತ್ರದ ಜೊತೆಗಿಡುವುದಾಗಿಯೂ ಹೇಳಿದರು.

ಚಿಕಿತ್ಸೆ

ಕಂದು ಚುಕ್ಕೆ ತೆಗೆಯಲು ಚಿತ್ರವನ್ನು ನೀರಿನಲ್ಲಿ ತೊಳೆಯಬೇಕೆಂಬುದು ಅಕ್ಕನ ಮೊದಲ ಬೇಡಿಕೆಯಾಗಿತ್ತು. ಅದನ್ನು ಕೈಬಿಡಲು ಒಪ್ಪಿಸಿದೆ. ತೊಳೆದರೆ ಕಾಗದ ಬೆಳ್ಳಗಾಗುತ್ತದೆ, ಆದರೆ ಕಾಗದದ ಹಳದಿ ಛಾಯೆಯೇ ಈಗ ಮಾಸಿದ ಆಕಾಶವನ್ನು ಉಳಿದ ಚಿತ್ರದೊಂದಿಗೆ ಹಿಡಿದಿಟ್ಟಿತ್ತು. ಅದು ಹೋದರೆ ಗುಲಾಬಿ ಇನ್ನಷ್ಟು ಎದ್ದು ಕಾಣುತ್ತದೆ. ಚುಕ್ಕೆಗಳು ಹೆಂಗಸಿನ ಮುಖದ ಮೇಲಾಗಲಿ, ಕೈಯ ಮೇಲಾಗಲಿ ಇರಲಿಲ್ಲ. ಅವು ಇದ್ದಲ್ಲೇ ಉಳಿದವು.

ಪೆರಾಕ್ಸೈಡ್‌ಗೂ ಒಂದು ಅಪಾಯವಿದೆ. ಬೇಲಿಯ ಹಸಿರಿನಲ್ಲಿ ಅಳಿದುಳಿದ ನೀಲಿ ಇನ್ನೂ ಇತ್ತು, ಪೆರಾಕ್ಸೈಡ್ ತಗುಲಿದರೆ ಅದೂ ಹೋಗಬಹುದು. ಆದ್ದರಿಂದ ದ್ರವವನ್ನು ಹಚ್ಚುವ ಬದಲು ಗಟ್ಟಿ ಜೆಲ್‌ನಲ್ಲಿ ಬೆರೆಸಿ, ಸೂಕ್ಷ್ಮದರ್ಶಕದಡಿ, ಕೂದಲೆಳೆಯ ಕುಂಚದಿಂದ ಕಪ್ಪಿನ ಮೇಲೆ ಮಾತ್ರ ಇಡಬೇಕಾಯಿತು. ಮೊದಲು ಹಿಂದೆ ನಿಂತ ಒಂದು ಕೋಳಿಯ ಮೇಲೆ ಪ್ರಯತ್ನಿಸಿ, ಫಲಿತಾಂಶ ನಿಲ್ಲುತ್ತದೆಯೇ ಎಂದು ಕಾದು ನೋಡಿದೆ. ಕಪ್ಪು ಬೂದಾಯಿತು, ಬೂದು ಬಿಳಿಯಾಯಿತು, ಬಿಳಿ ನಿಂತಿತು. ನಂತರ ಕೋಳಿಗಳು, ನೊರೆ, ಕೊನೆಗೆ ಬಟ್ಟೆಗಳು. ಈ ಅನುಕ್ರಮ ಬೇಕೆಂದೇ ಇಟ್ಟುಕೊಂಡದ್ದು: ಬಟ್ಟೆಗಳು ಚಿತ್ರದ ಅತಿ ದೊಡ್ಡ ಬಿಳಿ, ಸಣ್ಣವು ಆದ ಮೇಲೆ ಚಿತ್ರ ಹೇಗೆ ಕಾಣುತ್ತದೆಂದು ನೋಡಿ, ಬೇಕಾದರೆ ಅಲ್ಲಿಗೇ ನಿಲ್ಲಿಸುವ ಅವಕಾಶ ಇರಬೇಕಿತ್ತು. ನೊರೆ ಬಿಳಿಯಾದ ದಿನ ಅಕ್ಕನನ್ನು ಕರೆಸಿದೆ. ಮುಂದುವರಿಸಿ ಎಂದರು.

ಬಲತುದಿಯ ಆ ಬಟ್ಟೆಯನ್ನು ಮಾತ್ರ ಮುಟ್ಟಲಿಲ್ಲ. ಇಡೀ ಬದಲಾವಣೆಗೆ ಸಾಕ್ಷಿಯಾಗಿರುವ ಗೆರೆ ಅದರ ಮೇಲಿದೆ. ಹೊಸ ಮೌಂಟನ್ನು ಆ ಬದಿಯಲ್ಲಿ ತುಸು ಅಗಲಿಸಿ ಅದನ್ನು ಮುಚ್ಚಿದೆ. ಮುಂದೆ ಯಾರಾದರೂ ನನ್ನ ಮಾತನ್ನು ಪರೀಕ್ಷಿಸಬೇಕೆಂದರೆ ಮೌಂಟ್ ಎತ್ತಿ ನೋಡಬಹುದು.

ಏನಾಯಿತು, ಏನು ತಿಳಿಯಿತು

ಬಿಳಿ ಕಣ್ಣಿಗೆ ಚುಚ್ಚಲಿಲ್ಲ. ಹೊಸ ಲೆಡ್ ಸಲ್ಫೇಟ್ ತೆಳುವಾಗಿದ್ದದ್ದೇ ಇಲ್ಲಿ ಅನುಕೂಲವಾಯಿತು. ಎರಡು ಬಟ್ಟೆಗಳಲ್ಲಿ ಹಿಂದಿನ ಬೇಲಿ ಸ್ವಲ್ಪ ಇಣುಕುತ್ತದೆ, ಅದನ್ನು ಬಣ್ಣ ಹಚ್ಚಿ ಮುಚ್ಚುವ ಗೋಜಿಗೆ ಹೋಗಲಿಲ್ಲ. ಆಕಾಶ ಗುಲಾಬಿಯಾಗಿಯೇ ಇದೆ, ಎಲೆ ಕಂದಾಗಿಯೇ ಇವೆ. ಚಿತ್ರ ಈಗ ಶರತ್ಕಾಲದ ಸಂಜೆಯಲ್ಲಿ ನಡೆಯುವ ಒಗೆತದಂತೆ ಕಾಣುತ್ತದೆ. ಇದು ಚಿತ್ರಕಾರನ ಉದ್ದೇಶವಾಗಿರಲಿಲ್ಲ ಎಂಬುದನ್ನು ವರದಿಯಲ್ಲಿ ಸ್ಪಷ್ಟವಾಗಿ ಬರೆದಿದ್ದೇನೆ.

ಈ ಪ್ರಕರಣದಿಂದ ನಾನು ಪಟ್ಟಾಗಿ ಹಿಡಿದುಕೊಂಡದ್ದು ಒಂದು ಸಂಗತಿ. ಹಳೆಯ ಜಲವರ್ಣದ ಭಾವವನ್ನು ಓದುವ ಮೊದಲು ಅದರ ಬಣ್ಣಗಳಿಗೆ ಏನಾಗಿದೆ ಎಂದು ಕೇಳಬೇಕು. ಗುಲಾಬಿ ಸಂಜೆ, ಒಣಗಿದ ಎಲೆ, ನೆರಳಲ್ಲದ ಕಪ್ಪು ಈ ಮೂರೂ ಒಂದೇ ಚಿತ್ರದಲ್ಲಿ ಸೇರಿದ್ದರೆ ಅನುಮಾನ ಪಡಲೇಬೇಕು. ರೊಮ್ಯಾಂಟಿಕ್ ಯುಗದ ಚಿತ್ರಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು, ಏಕೆಂದರೆ ವಿಷಾದವನ್ನು ನಾವು ಅಲ್ಲಿ ಮೊದಲೇ ನಿರೀಕ್ಷಿಸಿರುತ್ತೇವೆ. ರಸಾಯನಶಾಸ್ತ್ರ ತಂದ ವಿಷಾದವೂ ಕಲಾವಿದನದೇ ಎಂದು ನಂಬಿಬಿಡುತ್ತೇವೆ. ಇದರಿಂದ ಹಾನಿಯಾಗುವುದು ಚಿತ್ರಕ್ಕಷ್ಟೇ ಅಲ್ಲ. ಹಳ್ಳಿಯ ಹೆಂಗಸೊಬ್ಬಳ ದುಡಿಮೆಯನ್ನು ಒಬ್ಬರು ಗಮನವಿಟ್ಟು ದಾಖಲಿಸಿದ್ದರು. ನೂರು ವರ್ಷಕ್ಕೂ ಹೆಚ್ಚು ಕಾಲ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಮನೆಯಲ್ಲಿ ಹಳೆಯ ಜಲವರ್ಣ ಇರುವವರು, ಅದು ಮೈಸೂರಿನದಾಗಲಿ ಮ್ಯಾಂಚೆಸ್ಟರಿನದಾಗಲಿ, ಫ್ರೇಮ್ ಬಿಚ್ಚಿಸುವ ಮುನ್ನ ಅದರ ಬಗ್ಗೆ ಮನೆಯಲ್ಲಿ ಹೇಳಿಕೊಂಡು ಬಂದ ಕಥೆಯನ್ನು ಒಮ್ಮೆ ಬರೆದಿಡಿ. ಬಿಚ್ಚಿದ ಮೇಲೆ ಆ ಕಥೆಯನ್ನು ಮೊದಲಿನಂತೆ ಹೇಳಲು ಬಾಯಿ ಬರುವುದಿಲ್ಲ. ಬಿಚ್ಚುವವರಿಗೆ, ಮೌಂಟಿನಡಿಯ ಅಂಚನ್ನು ಕತ್ತರಿಸಬೇಡಿ, ಮೊದಲು ಅದರ ಫೋಟೊ ತೆಗೆಯಿರಿ ಎಂದು ಹೇಳಿ. ಹೊಸ ಮೌಂಟಿಗೆ ಅಳತೆ ಸರಿಹೊಂದಲಿಲ್ಲವೆಂದು ಆ ಅಂಚನ್ನು ಕತ್ತರಿಸಿ ಎಸೆದ ಉದಾಹರಣೆಗಳಿವೆ. ಮೂಲ ಬಣ್ಣಕ್ಕೆ ಇರುವ ಒಂದೇ ಸಾಕ್ಷಿ ಎಷ್ಟೋ ಸಲ ಅದು.

ಚಿತ್ರವನ್ನು ಈಗ ಒಲೆಯಿಂದ ದೂರ, ಕಿಟಕಿಯ ಬೆಳಕು ನೇರ ಬೀಳದ ಒಳಗೋಡೆಗೆ ಹಾಕಿದ್ದಾರೆ. ಬೆಳಕು 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಮೀರದಂತೆ ಪರದೆ ಹೊಂದಿಸಿದ್ದಾರೆ, ಗಾಜು ಅತಿನೇರಳೆ ಕಿರಣ ತಡೆಯುವಂಥದ್ದು. ಎಡಿನ್‌ಬರೊದ ರಾಷ್ಟ್ರೀಯ ಗ್ಯಾಲರಿ ತನಗೆ ದಾನವಾಗಿ ಬಂದ, ಇಂಗ್ಲಿಷ್ ಚಿತ್ರಕಾರ ಟರ್ನರನ 38 ಜಲವರ್ಣಗಳನ್ನು, ಬೆಳಕು ತೀರ ಮಂದವಾಗಿರುವ ಜನವರಿ ತಿಂಗಳಲ್ಲಿ ಮಾತ್ರ ತೋರಿಸುತ್ತ ಬಂದಿರುವುದನ್ನು ಅಕ್ಕನಿಗೆ ಹೇಳಿದ್ದೆ. ಅವರು ಬೇಸಿಗೆಯ ತಿಂಗಳುಗಳಲ್ಲಿ ಚಿತ್ರವನ್ನು ಇಳಿಸಿ ಪೆಟ್ಟಿಗೆಯಲ್ಲಿಡುತ್ತಾರೆ. ಅದೇ ಪೆಟ್ಟಿಗೆಯಲ್ಲಿ ನನ್ನ ವರದಿ, ಚೀಟಿಯ ಲಕೋಟೆ, ತಾಯಿಯ ಕಥೆ ಬರೆದ ಹಾಳೆಗಳು ಇವೆ. ಬಿಳಿಯಾದ ಭಾಗಗಳು ಮತ್ತೆ ಕಪ್ಪಾಗುತ್ತವೆಯೇ ಎಂದು ನೋಡಲು ನಾನು ಆಗಾಗ ಹೋಗುತ್ತೇನೆ. ಈವರೆಗೆ ಬದಲಾವಣೆ ಕಂಡಿಲ್ಲ.